ಅಜ್ಜಿಯ ನಿರಿಗೆಯಲ್ಲಿ ಅಕ್ಷರ

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಚಿತ್ರಕಲಾ ಸ್ಪರ್ಧೆಯಲ್ಲಿ, ಅವಳ ಅಜ್ಜಿ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತ ಚಿತ್ರ ಬರೆದಳು. ಸೀರೆಯ ನಿರಿಗೆಯುದ್ದಕ್ಕೂ ಅಜ್ಜಿ ಹಾಡುವ ಬೀಸುವ ಪದದ ಸಾಲು ಬರೆದಿದ್ದಳು. ತೀರ್ಪು ಕೊಟ್ಟವರು, “ಚಿತ್ರವೇ ಮಾತಾಡಬೇಕು, ಅಕ್ಷರ ಬಂತು ಅಂದರೆ ಚಿತ್ರ ಸೋತಿತು” ಅಂದರಂತೆ. ಅವತ್ತಿನಿಂದ ಬ್ರಷ್ ಮುಟ್ಟಿಲ್ಲ. ಅವರು ಹೇಳಿದ್ದು ಸರಿಯಾ?
– ಒಬ್ಬ ತಾಯಿ, ಹಾವೇರಿ

ಉತ್ತರ: ಸರಿಯಲ್ಲ, ತಂಗಿ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. “ಚಿತ್ರ ಬರೆದಳು” ಅಂದಿದ್ದೀರಿ. ಅದರ ಬೆನ್ನಿಗೇ “ಸಾಲು ಬರೆದಿದ್ದಳು” ಅಂದಿದ್ದೀರಿ. ನಮ್ಮ ಮಾತಿನಲ್ಲಿ ಎರಡೂ ಬರೆಯುವುದೇ. ಕನ್ನಡ ಒಂದು ಮಾಡಿ ಇಟ್ಟದ್ದನ್ನು ಆ ಹುಡುಗಿಯ ಕೈ ಸುಮ್ನೆ ಒಪ್ಪಿಕೊಂಡಿದೆ, ಅಷ್ಟೇ.

ರಜೆ ಬಂದಾಗ ಅವಳನ್ನು ಹಾನಗಲ್ಲಿಗೆ ಕರೆದುಕೊಂಡು ಹೋಗಿ. ನಿಮಗೇನೂ ದೂರವಲ್ಲ. ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ ಇರುತ್ತದೆ. ಊರ ದನ ಉಳಿಸಲು ಸತ್ತವನ ಕಲ್ಲಾದರೆ ಅಲ್ಲೇ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಎಷ್ಟೋ ಕಲ್ಲುಗಳಲ್ಲಿ ಈ ಹಂತಗಳ ನಡುವಿನ ಸಣ್ಣ ಪಟ್ಟಿಯಲ್ಲಿ ಹಳಗನ್ನಡದ ಸಾಲುಗಳಿವೆ. ಯಾವ ಅರಸ, ಯಾವ ವರ್ಷ, ಸತ್ತವನು ಯಾರು, ಕಲ್ಲು ನಿಲ್ಲಿಸಿದವರು ಯಾರು.

ಈಗ ಆ ಪಟ್ಟಿಯನ್ನು ಅಂಗೈಯಿಂದ ಮುಚ್ಚಿ ನೋಡಲು ಹೇಳಿ. ಕುದುರೆ ಕತ್ತು ತಿರುಗಿಸಿದ್ದು, ಅವನು ಕತ್ತಿ ಎತ್ತಿದ್ದು ಎಲ್ಲಾ ಕಾಣುತ್ತದೆ. ಹೆಸರು ಮಾತ್ರ ಹೋಗುತ್ತದೆ. ನಮ್ಮ ಕಡೆ ಊರ ಹೊರಗೆ ಅಕ್ಷರವಿಲ್ಲದ ವೀರಗಲ್ಲುಗಳು ಬೇಕಾದಷ್ಟಿವೆ. ಜನ ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ. ಯಾರ ಮಗ, ಯಾರ ಗಂಡ ಅಂತ ಯಾರಿಗೂ ಗೊತ್ತಿಲ್ಲ. ಅಂಥ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಳಗವನ್ನು ಅಷ್ಟು ಚೆಂದ ಕಡೆದವನು ಒಂದು ಸಾಲು ಕಡೆಯಬಾರದಿತ್ತೇ ಅನಿಸುತ್ತದೆ.

ಹಾಗೇ ದಾನಶಾಸನಗಳ ನೆತ್ತಿ ನೋಡಿ. ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಆಕಳು, ಕರು. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಅಂತ ಕೆಳಗೆ ಅಕ್ಷರದಲ್ಲೂ ಇರುತ್ತದೆ. ಓದು ಬರದ ರೈತನಿಗೂ ಆ ಮಾತು ಮುಟ್ಟಬೇಕಲ್ವಾ? ಅದಕ್ಕೇ ಮೇಲೆ ಚಿತ್ರ.

ನನ್ನದೂ ಒಂದು ಹೇಳುತ್ತೇನೆ. ಡ್ರಾಯಿಂಗ್ ಮಾಸ್ತರನಾಗುವ ಮೊದಲು ಗದಗದಲ್ಲಿ 11 ವರ್ಷ ಅಂಗಡಿ ಬೋರ್ಡ್ ಬರೆದೆ. ಒಂದು ಬಟ್ಟೆ ಅಂಗಡಿಗೆ ಮೇಲೆ “ವಸ್ತ್ರಾಲಯ”, ಕೆಳಗೆ ಇಳಕಲ್ ಸೀರೆ ಉಟ್ಟ ಹೆಣ್ಣುಮಗಳು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆದಾಗ ತಲಕಟ್ಟಿನ ಲೆಕ್ಕ ಹಾಕಿದೆ, ಒತ್ತಕ್ಷರದ ಲೆಕ್ಕ ಮರೆತೆ. “ಸ್ತ್ರಾ”ಕ್ಕೆ ತ ಒತ್ತೂ ಬೇಕು, ರ ಒತ್ತೂ ಬೇಕು. ಎರಡೂ ಆಕೆಯ ತಲೆಯ ಮೇಲೇ ಇಳಿದವು. ಮಾಲೀಕರು ಇರಲಿ ಬಿಡು ಅಂದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅಕ್ಷರಗಳನ್ನು ಒಂದು ಗೇಣು ಮೇಲಕ್ಕೆ ತಂದೆ. ರ ಒತ್ತಿನ ಬಾಲ ಆಕೆಯ ಸೆರಗಿನ ಅಂಚು ಬಾಗಿದ ಕಡೆಗೇ ಬಾಗುವಂತೆ ಎಳೆದೆ. ಆಗ ಬೋರ್ಡ್ ನಿಂತಿತು. ಅಕ್ಷರಕ್ಕೂ ಮೈ ಇದೆ, ಅದಕ್ಕೂ ಕೂರಲು ಜಾಗ ಬೇಕು ಅಂತ ನನಗೆ ತಿಳಿದದ್ದು ಅವತ್ತು.

ತೀರ್ಪುಗಾರರ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಚಿತ್ರದ ಕೆಳಗೆ “ನನ್ನ ಅಜ್ಜಿ” ಅಂತ ಬರೆದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಅಜ್ಜಿ ಅನ್ನೋದು ಕಣ್ಣಿಗೇ ಕಾಣುತ್ತದೆ. ಆದರೆ ಹಾಡು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅಕ್ಷರವೇ ಬೇಕು. ಆ ಹಾಡಿಗೆ ಅಜ್ಜಿಯ ನಿರಿಗೆಗಿಂತ ಒಳ್ಳೆಯ ಜಾಗ ನನಗಂತೂ ಹೊಳೆಯುತ್ತಿಲ್ಲ.

ಮಗಳಿಗೆ ಇಷ್ಟು ಹೇಳಿ. ಮೊದಲು ಪೆನ್ಸಿಲಿನಲ್ಲಿ ನಿರಿಗೆ ಬರಲಿ. ಬಟ್ಟೆ ಮಡಿಕೆಯೊಳಗೆ ಹೋದ ಕಡೆ ಅಕ್ಷರವೂ ಅರ್ಧ ಒಳಗೆ ಹೋಗಲಿ. ಎಲ್ಲವೂ ಓದಲು ಸಿಗಲೇಬೇಕು ಅಂತಿಲ್ಲ. ಚಿತ್ರ ಮುಗಿದ ಮೇಲೆ ಒಂದು ಫೋಟೊ ಕಳಿಸಿ, ನಾನು ನೋಡಬೇಕು.

ಪ್ರಶ್ನೆ: ಕನ್ನಡ ಅಕ್ಷರ ಯಾಕೆ ಇಷ್ಟು ದುಂಡಗೆ?
– ಕಾಲೇಜು ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಮೊದಲು ಹೀಗಿರಲಿಲ್ಲ. ಕೊಪ್ಪಳದ ಗವಿಮಠದ ಹತ್ತಿರ ಬಂಡೆಯ ಮೇಲೆ ಅಶೋಕನ ಶಾಸನವಿದೆ, ನಮ್ಮ ಅಕ್ಷರಕ್ಕೆ ಮೂಲವಾದ ಬ್ರಾಹ್ಮಿ ಲಿಪಿಯಲ್ಲಿ. ಅಲ್ಲಿ ನೆಟ್ಟನೆಯ ಗೆರೆಗಳೇ ಜಾಸ್ತಿ. ದುಂಡಗಾದದ್ದಕ್ಕೆ ಹಿಂದೆ ಕಂಟದಿಂದ ಕೊರೆದು ಬರೆಯುತ್ತಿದ್ದ ಓಲೆಗರಿ, ಅಂದರೆ ತಾಳೆಗರಿ, ಕಾರಣ ಅಂತ ಹೇಳುತ್ತಾರೆ. ಮನೆಯಲ್ಲೇ ಮಾಡಿ ನೋಡಿ. ಒಣಗಿದ ತೆಂಗಿನ ಗರಿಯ ಮೇಲೆ ದಬ್ಬಣದಿಂದ ಅದರ ಉದ್ದಕ್ಕೆ ಒತ್ತಿ ಒಂದು ಗೆರೆ ಎಳೆಯಿರಿ. ಆಮೇಲೆ ಪಕ್ಕದಲ್ಲಿ “ಠ” ಬರೆಯಿರಿ. ಗರಿ ಎಲ್ಲಿ ಸೀಳಿತು, ಎಲ್ಲಿ ಸೀಳಲಿಲ್ಲ ಅಂತ ನೋಡಿ.