ವಾಷಿಂಗ್ಟನ್ ಹತ್ತಿರ ಕಾರುಗಳೇ ಇಲ್ಲದ ಸೈಕಲ್ ದಾರಿ ಇದೆಯಾ? ಅದಕ್ಕೆ ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಬೈಕೇ ಬೇಕಾ?

ನೀವು ಬೆಂಗಳೂರಿನಿಂದ ಮೇರಿಲ್ಯಾಂಡ್‌ಗೆ ಹೊಸದಾಗಿ ಬಂದಿದ್ದೀರಿ, ದೂರ ದೂರ ಸೈಕಲ್ ಹೊಡೆಯುವ ಆಸೆ ಇದೆ, ಆದರೆ ಕಾರುಗಳ ಪಕ್ಕದಲ್ಲಿ ಹೋಗಲು ಭಯ ಅಂತ ಬರೆದಿದ್ದೀರಿ. ಆ ಭಯ ಸರಿಯಾದದ್ದೇ. ಇಲ್ಲಿನ ಹಳ್ಳಿ ರಸ್ತೆಗಳಲ್ಲೂ ಕಾರುಗಳು ಜೋರಾಗಿಯೇ ಬರುತ್ತವೆ.

ಖುಷಿಯ ವಿಷಯ ಏನೆಂದರೆ, ನಿಮಗೆ ಬೇಕಾದ ದಾರಿ ಹತ್ತಿರದಲ್ಲೇ ಇದೆ. ಅದು ಸಿ ಅಂಡ್ ಓ, ಅಂದರೆ ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ದಂಡೆ ದಾರಿ. ಇಲ್ಲಿನವರು ಟೋಪಾತ್ ಅನ್ನುತ್ತಾರೆ. ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ ಶುರುವಾಗಿ, ಪೊಟೋಮ್ಯಾಕ್ ನದಿಯ ಮಗ್ಗುಲಲ್ಲೇ ಸಾಗಿ, ಕಂಬರ್‌ಲ್ಯಾಂಡ್ ಅನ್ನುವ ಊರಲ್ಲಿ ಮುಗಿಯುತ್ತದೆ. ಒಟ್ಟು 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್. ಅಲ್ಲಲ್ಲಿ ಸಣ್ಣ ರಸ್ತೆ ದಾಟಬೇಕಾಗುತ್ತದೆ, ಅಷ್ಟೇ. ಉಳಿದಂತೆ ನೀವು, ಮರಗಳು, ಒಂದು ಕಡೆ ಹಳೇ ಕಾಲುವೆ, ಇನ್ನೊಂದು ಕಡೆ ನದಿ. ನಾನು ವರ್ಷಗಳಿಂದ ಇದೇ ದಾರಿಯಲ್ಲಿ ಸೈಕಲ್ ಹೊಡೆಯುತ್ತಿದ್ದೇನೆ. ಬೇಸರ ಅಂತ ಒಂದು ದಿನವೂ ಅನಿಸಿಲ್ಲ.

ದಾರಿ ಇಷ್ಟು ಸಮತಟ್ಟಾಗಿ ಇರುವುದು ಹೇಸರಗತ್ತೆಗಳ ದೆಸೆಯಿಂದ. ಕಂಬರ್‌ಲ್ಯಾಂಡ್ ಕಡೆಯ ಕಲ್ಲಿದ್ದಲನ್ನು ದೋಣಿಗೆ ತುಂಬಿ ವಾಷಿಂಗ್ಟನ್ನಿಗೆ ತರುತ್ತಿದ್ದರು. ನೂರು ಟನ್ನಿಗೂ ಜಾಸ್ತಿ ಭಾರ. ಆ ದೋಣಿಯನ್ನು ದಂಡೆಯ ಮೇಲೆ ನಡೆಯುವ ಹೇಸರಗತ್ತೆಗಳು ಹಗ್ಗದಲ್ಲಿ ಎಳೆಯುತ್ತಿದ್ದವು. ಕಾಲುವೆಯ ನೀರು ಮಟ್ಟವಾಗಿ ನಿಲ್ಲಬೇಕಲ್ವಾ, ಹಾಗಾಗಿ ದಂಡೆಯೂ ಮಟ್ಟ. ಎತ್ತರ ಏರಬೇಕಾದಲ್ಲಿ ಮಾತ್ರ ಲಾಕ್ ಕಟ್ಟಿದರು. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಉದ್ದನೆಯ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ಸುಮಾರು 8 ಅಡಿ ಮೇಲೇಳುತ್ತದೆ. ಇಂಥ 74 ಲಾಕ್‌ಗಳಿವೆ. ಜಾರ್ಜ್‌ಟೌನ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಒಟ್ಟು ಏರು 605 ಅಡಿ ಮಾತ್ರ. ಸೈಕಲ್ ಮೇಲಿರುವ ನಿಮಗೆ ಪ್ರತಿ ಲಾಕ್ ಹತ್ತಿರ ಒಂದು ಪುಟ್ಟ ದಿಬ್ಬ ಸಿಗುತ್ತದೆ. ನಾಲ್ಕು ಸಲ ಜೋರಾಗಿ ತುಳಿದರೆ ಮುಗಿಯಿತು.

ಸಮತಟ್ಟು ಅಂದರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ವಿಷಯ ಗಮನದಲ್ಲಿರಲಿ. ಇಳಿಜಾರೇ ಇಲ್ಲದ ಕಡೆ ಪೆಡಲ್ ನಿಲ್ಲಿಸಿ ಸುಮ್ನೆ ಜಾರಿಕೊಂಡು ಹೋಗುವ ಅವಕಾಶವೂ ಇಲ್ಲ. ಇಡೀ ದಿನ ಒಂದೇ ಭಂಗಿಯಲ್ಲಿ ತುಳಿಯುತ್ತಲೇ ಇರಬೇಕು. ಕಾಲಿಗಿಂತ ಮೊದಲು ಕೂರುವ ಜಾಗ ಮತ್ತು ಅಂಗೈ ನೋಯುತ್ತವೆ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಪ್ಯಾಡ್ ಇರುವ ಚಡ್ಡಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡಬೇಡಿ.

ಇನ್ನು ಗ್ರಾವೆಲ್ ಬೈಕ್ ವಿಷಯ. ಅದೇ ಬೇಕು ಅಂತೇನಿಲ್ಲ. ಟಾರು ರಸ್ತೆಗೂ ಮಣ್ಣು ದಾರಿಗೂ ಆಗುವ ಹೈಬ್ರಿಡ್ ಸೈಕಲ್ ಸಾಕು, ಹಳೇ ಮೌಂಟನ್ ಬೈಕೂ ಸಾಕು. ಮುಖ್ಯವಾದದ್ದು ಟೈರು. 38ರಿಂದ 45 ಮಿಲಿಮೀಟರ್ ಅಗಲ ಇದ್ದರೆ ಆರಾಮ. ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಬೇಡಿ. 70 ಕಿಲೋ ತೂಕದವರಿಗೆ 40 ಮಿಲಿಮೀಟರ್ ಟೈರಿನಲ್ಲಿ ಗಾಳಿಯ ಒತ್ತಡ 40 ಪಿಎಸ್‌ಐ ಆಸುಪಾಸು ಇದ್ದರೆ ಸರಿಹೋಗುತ್ತದೆ. ಮಡ್‌ಗಾರ್ಡ್ ಹಾಕಿದರೆ ಟೈರಿಗೂ ಅದಕ್ಕೂ ನಡುವೆ ಬೆರಳು ಆಡುವಷ್ಟು ಜಾಗ ಬಿಡಿ. ಇಲ್ಲಿನ ಜೇಡಿಮಣ್ಣು ಒದ್ದೆಯಾದಾಗ ಆ ಸಂದಿಯಲ್ಲಿ ತುಂಬಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ.

ದುಬಾರಿ ಬೈಕಿನ ಬದಲು ಮಳೆಯ ಬಗ್ಗೆ ಯೋಚಿಸಿ. ಇದು ನದಿಯ ನೆರೆ ಬಯಲು. ಪಾರ್ಕಿನವರು ಉದ್ದುದ್ದ ಭಾಗಗಳಿಗೆ ಸಣ್ಣ ಜಲ್ಲಿಪುಡಿ ಹಾಕಿ ಸರಿಮಾಡಿದ್ದಾರೆ, ಅಲ್ಲಿ ಚಕ್ರ ಸರಾಗವಾಗಿ ಓಡುತ್ತದೆ. ಉಳಿದ ಕಡೆ ಎರಡು ಗಾಲಿ ಜಾಡು, ನಡುವೆ ಹುಲ್ಲು, ಅಲ್ಲಲ್ಲಿ ಮರದ ಬೇರು. ಜೋರು ಮಳೆ ಬಂದರೆ ಒಂದೆರಡು ದಿನ ಬಿಟ್ಟು ಹೋಗಿ. ಹೊರಡುವ ಮೊದಲು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ವೆಬ್‌ಸೈಟಿನಲ್ಲಿ ಯಾವ ಭಾಗ ಮುಚ್ಚಿದೆ ಅಂತ ನೋಡಿಕೊಳ್ಳಿ.

ಈ ದಾರಿ ನಮಗೆ ಉಳಿದ ಕತೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಕಾಲುವೆಯ ಕೆಲಸ 1828ರ ಜುಲೈ 4ರಂದು ಶುರುವಾಯಿತು. ಅದೇ ದಿನ ಬಾಲ್ಟಿಮೋರ್‌ನಲ್ಲಿ ರೈಲುದಾರಿಯ ಕೆಲಸವೂ ಶುರುವಾಯಿತು. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ಮುಟ್ಟುವ ಹೊತ್ತಿಗೆ 1850. ಆದರೂ 1924ರ ನೆರೆಯವರೆಗೆ ದೋಣಿಗಳು ಓಡಾಡಿದವು. ಆಮೇಲೆ ಪಾಳು ಬಿದ್ದ ಕಾಲುವೆಯ ಮೇಲೆ ಕಾರು ರಸ್ತೆ ಮಾಡುವ ಯೋಜನೆ ಬಂತು. ಪತ್ರಿಕೆಯೊಂದು ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದನ್ನು ಓದಿ, ನನ್ನ ಜೊತೆ ಪೂರ್ತಿ ನಡೆದು ನೋಡಿ ಅಂತ ಸಂಪಾದಕರಿಗೆ ಸವಾಲು ಹಾಕಿದರು. 1954ರ ಮಾರ್ಚಿನಲ್ಲಿ ಕಂಬರ್‌ಲ್ಯಾಂಡ್‌ನಿಂದ ಹೊರಟರು. ಜೊತೆಗೆ ಹಲವರು ಹೊರಟರೂ ಇಡೀ ದಾರಿ ನಡೆದವರು 9 ಜನ. ಆ ಪತ್ರಿಕೆ ಮನಸ್ಸು ಬದಲಾಯಿಸಿತು. 1971ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಇವತ್ತು ನಾವು ಹಾರ್ನ್ ಸದ್ದಿಲ್ಲದೆ ಹೋಗುತ್ತಿರುವುದು ಆ ನಡಿಗೆಯ ಪುಣ್ಯ.

ದಾರಿಯುದ್ದಕ್ಕೂ ನೋಡುವುದು ಬೇಕಾದಷ್ಟಿದೆ. ಜಾರ್ಜ್‌ಟೌನ್‌ನಿಂದ ಎಣಿಸಿದರೆ 14ನೇ ಮೈಲಿಯ ಗ್ರೇಟ್ ಫಾಲ್ಸ್ ಜಲಪಾತ ಬಹಳ ಚೆಂದ, ಆದರೆ ವಾರಾಂತ್ಯದಲ್ಲಿ ಜನಜಂಗುಳಿ. ಸೈಕಲ್ ಕಲಿಯುವ ಜಾಗ ಅಲ್ಲ. 60ನೇ ಮೈಲಿ ದಾಟಿದರೆ ನದಿಯಾಚೆ ಹಾರ್ಪರ್ಸ್ ಫೆರಿ ಊರು, ಶೆನಾಂಡೋವಾ ನದಿ ಪೊಟೋಮ್ಯಾಕ್ ಸೇರುವ ಸಂಗಮ. ಊರಿಗೆ ದಾಟುವ ಸೇತುವೆಗೆ ಮೆಟ್ಟಿಲು ಹತ್ತಬೇಕು, ಸಾಮಾನು ಹೇರಿದ ಸೈಕಲ್ ಹೊತ್ತರೆ ಏದುಸಿರು ಬರುತ್ತದೆ. 84ನೇ ಮೈಲಿ ಹತ್ತಿರ ಬಿಗ್ ಸ್ಲ್ಯಾಕ್‌ವಾಟರ್. ಅಲ್ಲಿ ಕಾಲುವೆಯೇ ಇಲ್ಲ, ದೋಣಿಗಳು ನದಿಯಲ್ಲೇ ಹೋಗುತ್ತಿದ್ದವು. ದಾರಿ ಬಂಡೆಗೆ ಅಂಟಿಕೊಂಡು ನೀರಿನ ಪಕ್ಕದಲ್ಲೇ ಸಾಗುತ್ತದೆ. ನೆರೆಗೆ ಕೊಚ್ಚಿಹೋಗಿದ್ದ ಆ ಭಾಗವನ್ನು ಕಾಂಕ್ರೀಟಿನಲ್ಲಿ ಕಟ್ಟಿ 2012ರಲ್ಲಿ ಮತ್ತೆ ತೆರೆದರು.

ಆದರೆ ನನ್ನ ಮನಸ್ಸು ನಿಲ್ಲುವುದು 155ನೇ ಮೈಲಿಯ ಪಾವ್ ಪಾವ್ ಸುರಂಗದಲ್ಲಿ. ಉದ್ದ 3,118 ಅಡಿ. ಗುಡ್ಡ ಕೊರೆದು, ಸುಮಾರು 60 ಲಕ್ಷ ಇಟ್ಟಿಗೆ ಜೋಡಿಸಿ ಕಟ್ಟಿದ್ದು. 1836ರಲ್ಲಿ ಶುರುವಾದ ಕೆಲಸ ಮುಗಿದದ್ದು 1850ಕ್ಕೆ. ಒಳಗೆ ಪೂರ್ತಿ ಕತ್ತಲೆ, ಬೇಸಿಗೆಯಲ್ಲೂ ತಣ್ಣಗೆ. ಇಳಿದು ಸೈಕಲ್ ತಳ್ಳಿಕೊಂಡೇ ಹೋಗಿ. ದಾರಿ ಕಿರಿದು, ನೆಲ ಏರುಪೇರು, ಪಕ್ಕದಲ್ಲಿ ಕಾಲುವೆಯ ನೀರು. ಒಳ್ಳೆಯ ಟಾರ್ಚ್ ಬೇಕು. ಮರದ ಕಟಾಂಜನದ ಮೇಲೆ ಬೆಳಕು ಬಿಟ್ಟು ನೋಡಿ. ದೋಣಿ ಎಳೆಯುವ ಹಗ್ಗ ಉಜ್ಜಿ ಉಜ್ಜಿ ಮರದಲ್ಲಿ ತಗ್ಗು ಬಿದ್ದಿದೆ. ಬೆರಳಿಟ್ಟರೆ ಅದರ ನಯ ಗೊತ್ತಾಗುತ್ತದೆ. ಎಷ್ಟು ಹೇಸರಗತ್ತೆಗಳು ಈ ಕತ್ತಲಲ್ಲಿ ನಡೆದಿರಬೇಕು!

ಸೆಪ್ಟೆಂಬರ್‌ನಲ್ಲಿ ಹೋದರೆ ಪಾವ್ ಪಾವ್ ಹಣ್ಣೂ ಸಿಗುತ್ತದೆ. ನಮ್ಮ ಸೀತಾಫಲದ ಕುಟುಂಬದ್ದೇ ಗಿಡ. ಹಣ್ಣು ಮೆತ್ತಗೆ, ಒಳಗೆ ಹಳದಿ ತಿರುಳು, ದೊಡ್ಡ ಕಪ್ಪು ಬೀಜ. ಊರು ಬಿಟ್ಟು ಬಂದವರಿಗೆ ಆ ರುಚಿ ಬಾಯಿಗೆ ಬಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ರಾತ್ರಿ ಉಳಿಯುವುದಕ್ಕೆ ಐದಾರು ಮೈಲಿಗೊಂದರಂತೆ ಕ್ಯಾಂಪ್ ಜಾಗಗಳಿವೆ. ಉಚಿತ, ಮೊದಲು ಬಂದವರಿಗೆ ಮೊದಲು, ಒಂದು ಜಾಗದಲ್ಲಿ ಒಂದು ರಾತ್ರಿ. ಒಂದು ಶೌಚಾಲಯ, ಒಂದು ಮೇಜು, ಒಂದು ಕೈಪಂಪು ಇರುತ್ತದೆ. ಪಂಪಿನ ನೀರಿಗೆ ಅಯೋಡಿನ್ ಹಾಕಿರುತ್ತಾರೆ, ಚಳಿಗಾಲದಲ್ಲಿ ಪಂಪು ಬಂದ್. ನದಿಯಾಚೆ ರಾತ್ರಿಯಿಡೀ ಗೂಡ್ಸ್ ರೈಲು ಓಡುತ್ತದೆ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಹ್ಯಾನ್‌ಕಾಕ್ ಊರು ದಾಟಿದ ಮೇಲೆ ಕಂಬರ್‌ಲ್ಯಾಂಡ್‌ವರೆಗಿನ 60 ಮೈಲಿಯಲ್ಲಿ ಅಂಗಡಿ ತೀರಾ ಕಡಿಮೆ, ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೇ. ಒಗ್ಗರಣೆ ಅವಲಕ್ಕಿ, ಚಪಾತಿ ಸುರುಳಿ, ಶೇಂಗಾ ಚಿಕ್ಕಿ ಕಟ್ಟಿಕೊಂಡು ಹೋಗಿ. ಸಂಜೆ ಬಟ್ಟೆ ಕಳಚುವಾಗ ಕಾಲಿನ ಸಂದಿಗಳಲ್ಲಿ ಉಣ್ಣಿ ಕಚ್ಚಿದೆಯಾ ಅಂತ ತಪ್ಪದೆ ನೋಡಿಕೊಳ್ಳಿ, ಇಲ್ಲಿ ಉಣ್ಣಿಯಿಂದ ಹರಡುವ ಲೈಮ್ ಕಾಯಿಲೆ ಇದೆ.

ಏರಿಳಿತದ ಹಳ್ಳಿಗಾಡು ಬೇಕು ಅಂತಲೂ ಕೇಳಿದ್ದೀರಿ. ಅದಕ್ಕೆ ಎರಡು ದಾರಿ. ಒಂದು, ಕಾಲುವೆಯಿಂದ ಸ್ವಲ್ಪ ಒಳಗೆ, ಪೂಲ್ಸ್‌ವಿಲ್ ಸುತ್ತಮುತ್ತ. ಮಾಂಟ್ಗೊಮರಿ ಕೌಂಟಿ 1980ರಲ್ಲಿ 93,000 ಎಕರೆಯನ್ನು ಬೇಸಾಯಕ್ಕೆಂದು ಕಾದಿರಿಸಿತು. ಅದರಿಂದ ರಾಜಧಾನಿಯ ಮಗ್ಗುಲಲ್ಲೇ ಇವತ್ತಿಗೂ ಮೆಕ್ಕೆಜೋಳದ ಹೊಲ, ದನದ ಕೊಟ್ಟಿಗೆ, ಕೆಲವು ಜಲ್ಲಿ ರಸ್ತೆ ಉಳಿದಿವೆ. ಕಾರು ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಹಾಗಾಗಿ ಸದ್ಯಕ್ಕೆ ನಿಮಗೆ ಎರಡನೆಯದು ಮೇಲು: ಕಂಬರ್‌ಲ್ಯಾಂಡ್‌ನಿಂದ ಪಿಟ್ಸ್‌ಬರ್ಗ್‌ಗೆ ಹೋಗುವ ಗ್ರೇಟ್ ಅಲೆಗೆನಿ ಪ್ಯಾಸೇಜ್. ಹಳೇ ರೈಲುದಾರಿ, 150 ಮೈಲಿ, ಬಹುಪಾಲು ನುಣ್ಣನೆಯ ಸುಣ್ಣಕಲ್ಲಿನ ಪುಡಿ. ಮೊದಲ 24 ಮೈಲಿ ಬಿಡದೆ ಏರು. ಕಡಿದಾಗಿಲ್ಲ, ರೈಲು ಹತ್ತುತ್ತಿದ್ದ ಏರು ತಾನೇ. ಆಮೇಲೆ 2,392 ಅಡಿ ಎತ್ತರದಲ್ಲಿ ನೀರು ಎರಡು ದಿಕ್ಕಿಗೆ ಹರಿಯುವ ದಿಣ್ಣೆ ಬರುತ್ತದೆ. ಈಚೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಆಚೆ ಬಿದ್ದದ್ದು ಮಿಸಿಸಿಪ್ಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ. ದಿಣ್ಣೆಯ ಹತ್ತಿರದ ಬಿಗ್ ಸ್ಯಾವೇಜ್ ಸುರಂಗ ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೆನಪಿರಲಿ.

ಮೊದಲ ಸವಾರಿಗೆ ಇಷ್ಟೆಲ್ಲ ಬೇಡ. ಒಂದು ಒಣ ಶನಿವಾರ ಬೆಳಿಗ್ಗೆ 42ನೇ ಮೈಲಿಯ ಮೊನಾಕಸಿ ಅಕ್ವಡಕ್ಟ್ ಹತ್ತಿರ ಕಾರು ನಿಲ್ಲಿಸಿ. ಉಪನದಿಯ ಮೇಲೆ ಕಾಲುವೆಯನ್ನೇ ದಾಟಿಸಲು ಕಟ್ಟಿದ ಏಳು ಕಮಾನಿನ ಕಲ್ಲಿನ ಸೇತುವೆ ಅದು, 1833ರದ್ದು. ಅಲ್ಲಿಂದ ಪಾಯಿಂಟ್ ಆಫ್ ರಾಕ್ಸ್‌ಗೆ 6 ಮೈಲಿ. ಹೋಗಿ ಬಂದರೆ ಸುಮಾರು 20 ಕಿಲೋಮೀಟರ್. ಸೈಕಲ್ಲಿಗೆ ಬೆಲ್ ಹಾಕಿಸಿ, ನಡೆಯುವವರನ್ನು ದಾಟುವಾಗ ಬಾರಿಸಬೇಕು ಅನ್ನುವುದು ಇಲ್ಲಿನ ನಿಯಮ. ಒಂದು ಸ್ಪೇರ್ ಟ್ಯೂಬ್, ಪಂಪು, ಎರಡು ಬಾಟಲಿ ನೀರು ಸಾಕು. ಹೋಗಿ ಬಂದ ಮೇಲೆ ಟೈರು ಹೇಗನಿಸಿತು ಅಂತ ಬರೆಯಿರಿ, ಗಾಳಿ ಎಷ್ಟಿರಬೇಕು ಅಂತ ಆಗ ಇನ್ನೂ ಸರಿಯಾಗಿ ಹೇಳಬಹುದು.