ಪ್ರವಾಸಿ ಮಾರ್ಗ ಘೋಷಿಸಿದರೆ ಹಳ್ಳಿಗೆ ದುಡ್ಡು ಬರುತ್ತಾ?

ಪ್ರಶ್ನೆ: ಹಳೇ ಪ್ರಾರ್ಥನಾ ಮಂದಿರ, ಕೋಟೆ, ಕರಕುಶಲದ ಊರು ಎಲ್ಲವನ್ನೂ ಪೋಣಿಸಿ ‘ಸಾಂಸ್ಕೃತಿಕ ಮಾರ್ಗ’ ಅಂತ ಘೋಷಿಸುವುದು ಈಗ ಜಾಸ್ತಿಯಾಗಿದೆ. ಇದರಿಂದ ಸ್ಥಳೀಯರಿಗೆ ನಿಜಕ್ಕೂ ಆದಾಯ ಇದೆಯಾ, ಇಲ್ಲಾ ಸುಮ್ನೆ ಬೋರ್ಡು ನೆಡುವ ಕೆಲಸವಾ?

ಉತ್ತರ: ಆದಾಯ ಇದೆ, ಪ್ರವಾಸಿ ರಾತ್ರಿ ಉಳಿದುಕೊಂಡರೆ. ಬಸ್ಸಿಳಿದು, ಅರ್ಧ ಗಂಟೆ ಸುತ್ತಾಡಿ, ನೀರಿನ ಬಾಟಲಿ ಕೊಂಡು ಮತ್ತೆ ಬಸ್ಸು ಹತ್ತುವವರು ಸಾವಿರ ಜನ ಬಂದರೂ ಊರಿಗೆ ಸಿಗುವುದು ಚಿಲ್ಲರೆ ಕಾಸು ಮತ್ತು ಕಸ. ಉಳಿದವರು ಊಟ ಮಾಡುತ್ತಾರೆ, ಬಟ್ಟೆ ಒಗೆಸುತ್ತಾರೆ, ಹರಿದ ಬೂಟು ಹೊಲಿಸುತ್ತಾರೆ.

ಸ್ಪೇನಿನ ಸ್ಯಾಂಟಿಯಾಗೊ ಯಾತ್ರಾ ಮಾರ್ಗವನ್ನೇ ನೋಡಿ. ಸಂತ ಜೇಮ್ಸ್‌ನ ಸಮಾಧಿ ಇದೆ ಎನ್ನುವ ಸ್ಯಾಂಟಿಯಾಗೊ ಊರಿಗೆ ಕ್ರೈಸ್ತ ಯಾತ್ರಿಕರು ನಡೆದು ಹೋಗುವ ದಾರಿ ಇದು. 1987ರಲ್ಲಿ ಯುರೋಪಿನ ದೇಶಗಳ ಸಂಘಟನೆಯಾದ ಕೌನ್ಸಿಲ್ ಆಫ್ ಯುರೋಪ್ ಸಾಂಸ್ಕೃತಿಕ ಮಾರ್ಗ ಅಂತ ಮೊದಲು ಗುರುತಿಸಿದ್ದು ಇದನ್ನೇ. ಇಲ್ಲಿ ಯಾತ್ರೆಯ ಪ್ರಮಾಣಪತ್ರ ಬೇಕಾದರೆ ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು. ಅದಕ್ಕೆ ಸಾಕ್ಷಿಯಾಗಿ ಯಾತ್ರಿಕರ ಕೈಯಲ್ಲೊಂದು ಮಡಚುವ ಪುಸ್ತಿಕೆ ಇರುತ್ತದೆ. ದಾರಿಯ ಚರ್ಚು, ಛತ್ರ, ಕಾಫಿ ಅಂಗಡಿಗಳಲ್ಲಿ ಅದಕ್ಕೆ ಮುದ್ರೆ ಒತ್ತುತ್ತಾರೆ. ಮುದ್ರೆಗೆ ಅಂತ ಒಳಗೆ ಬಂದವರು ಒಂದು ಕಾಫಿ ಕುಡಿಯದೆ ಹೋಗ್ತಾರಾ? ಇನ್ನು 100 ಕಿಲೋಮೀಟರ್ ಅಂದರೆ ಸಾಮಾನ್ಯ ನಡಿಗೆಗೆ ನಾಲ್ಕೈದು ದಿನ. ನಿಯಮವೇ ಜನರನ್ನು ಸಣ್ಣ ಊರುಗಳಲ್ಲಿ ಮಲಗಿಸುತ್ತದೆ. ಯಾವ ಜಾಹೀರಾತೂ ಮಾಡಲಾಗದ ಕೆಲಸ ಇದು.

ಇದಕ್ಕೊಂದು ಅಡ್ಡಪರಿಣಾಮವೂ ಇದೆ. ಸ್ಯಾಂಟಿಯಾಗೊದಿಂದ 100 ಕಿಲೋಮೀಟರಿಗಿಂತ ತುಸು ದೂರದಲ್ಲಿ ಸಾರಿಯಾ ಅನ್ನುವ ಪಟ್ಟಣವಿದೆ. ಬೇರೆ ಯಾವ ಊರಿಗಿಂತಲೂ ಹೆಚ್ಚು ಜನ ಹೊರಡುವುದು ಅಲ್ಲಿಂದಲೇ. ಹಾಗಾಗಿ ಕೊನೆಯ ಭಾಗದಲ್ಲಿ ನೂಕುನುಗ್ಗಲು, ಹಿಂದಿನ ನೂರಾರು ಕಿಲೋಮೀಟರಿನ ಹಳ್ಳಿಗಳಿಗೆ ಅಷ್ಟು ಪಾಲಿಲ್ಲ. ಎಲ್ಲರಿಗೂ ಸಮನಾಗಿ ಹಂಚುವ ಮಾರ್ಗವನ್ನು ನಾನಂತೂ ಕಂಡಿಲ್ಲ.

ಅಂಕಿಗಳೂ ಪಾಠ ಹೇಳುತ್ತವೆ. 1992ರಲ್ಲಿ ಪ್ರಮಾಣಪತ್ರ ಪಡೆದವರು ಸುಮಾರು 10 ಸಾವಿರ. 1993 ಪವಿತ್ರ ವರ್ಷ, ಅಂದರೆ ಸಂತ ಜೇಮ್ಸ್‌ನ ಹಬ್ಬ ಭಾನುವಾರ ಬಿದ್ದ ವರ್ಷ. ಸ್ಯಾಂಟಿಯಾಗೊ ಇರುವ ಗಲೀಸಿಯಾದ ಪ್ರಾಂತೀಯ ಸರ್ಕಾರ ಭಾರಿ ಪ್ರಚಾರ ಮಾಡಿತು, ಸಂಖ್ಯೆ ಲಕ್ಷದ ಹತ್ತಿರ ಹೋಯಿತು. ಮರುವರ್ಷವೇ ಸುಮಾರು 16 ಸಾವಿರಕ್ಕೆ ಕುಸಿಯಿತು! ಇಷ್ಟಕ್ಕೇ ಕೈಬಿಟ್ಟಿದ್ದರೆ ಅದು ಒಂದು ವರ್ಷದ ಜಾತ್ರೆಯಾಗಿ ಮುಗಿಯುತ್ತಿತ್ತು. ಆದರೆ ಆಗ ಕಟ್ಟಿದ ಅಗ್ಗದ ಛತ್ರಗಳು ಉಳಿದವು. 1980ರ ದಶಕದಲ್ಲಿ ಎಲಿಯಾಸ್ ವಾಲಿನ್ಯಾ ಎಂಬ ಪಾದ್ರಿ ಬಳಿಯಲು ಶುರುಮಾಡಿದ್ದ ಹಳದಿ ಬಾಣದ ಗುರುತುಗಳನ್ನು ಸ್ವಯಂಸೇವಕರು ಕಾಪಾಡಿಕೊಂಡು ಬಂದರು. 2023ರಲ್ಲಿ ಸಂಖ್ಯೆ 4.4 ಲಕ್ಷ ದಾಟಿತು. ಅಂದರೆ ಫಲಕ್ಕೆ ಹಿಡಿದದ್ದು ಮೂರು ದಶಕ.

ಇತಿಹಾಸ ಇಲ್ಲದಿದ್ದರೂ ಮಾರ್ಗ ಹುಟ್ಟಬಹುದು. ಜರ್ಮನಿಯ ‘ರೊಮ್ಯಾಂಟಿಕ್ ರೋಡ್’ 1950ರಲ್ಲಿ ಪ್ರವಾಸಿಗರನ್ನು ಸೆಳೆಯಲೆಂದೇ ಕೊಟ್ಟ ಹೆಸರು, ಇವತ್ತಿಗೂ ನಡೀತಿದೆ. ಆದರೆ ಅದು ಕಾರಿನ ದಾರಿ. ಕಾರಿನವರಿಗೆ ಇಷ್ಟವಾಗದ ಊರನ್ನು ನಿಲ್ಲಿಸದೇ ದಾಟಬಹುದು, ನಡೆಯುವವರಿಗೆ ಆ ಸೌಕರ್ಯವಿಲ್ಲ.

ಹಾಗಾಗಿ ಇಂಥ ಯೋಜನೆ ಎದುರಿಗೆ ಬಂದಾಗ ‘ಎಷ್ಟು ಜನ ಬರ್ತಾರೆ’ ಅಂತ ಕೇಳಬೇಡಿ, ಆ ಅಂಕಿಯನ್ನು ಉಬ್ಬಿಸುವುದು ಸುಲಭ. ಎಷ್ಟು ರಾತ್ರಿ ಉಳಿಯುತ್ತಾರೆ, ಆ ಕೋಣೆಗಳ ಮಾಲೀಕರು ಯಾರು, ಮನೆಯ ಒಂದು ಕೋಣೆ ಬಾಡಿಗೆಗೆ ಕೊಡಲು ಹಳ್ಳಿಯವರಿಗೆ ಪರವಾನಗಿ ಸಲೀಸಾಗಿ ಸಿಗುತ್ತದಾ, ಉದ್ಘಾಟನೆ ಆಗಿ ಐದು ವರ್ಷದ ಮೇಲೆ ದಾರಿಯ ಕಳೆ ಕೀಳಿಸುವ ದುಡ್ಡು ಯಾರ ಬಜೆಟ್ಟಿನಿಂದ ಬರುತ್ತದೆ ಅಂತ ಕೇಳಿ.