ಆರ್ಚರ್ಡ್ ರೋಡಿನಲ್ಲಿ ಲೋಕಲ್ ಊಟ ಬೇಕಾದರೆ ಮಾಲ್ ಒಳಗೇ ಹೋಗಿ

ಸಿಂಗಾಪುರದ ಆರ್ಚರ್ಡ್ ರೋಡಿನಲ್ಲಿ ರೂಮು, ಜೊತೆಗೆ ಅತ್ತೆ ಮಾವ, ಮಾಲ್ ಊಟ ಬೇಡ, ಬೀದಿ ಬದಿಯ ಅಸಲಿ ಲೋಕಲ್ ಊಟ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನೀವು ಮಂಜೇಶ್ವರ, ನಾನು ಕುಂಬಳೆ. ನಾನೂ ಇದನ್ನೇ ತಲೆಯಲ್ಲಿ ಇಟ್ಟುಕೊಂಡು ಅಮ್ಮನನ್ನು ಕರೆದುಕೊಂಡು ಹೋದವಳು.

ಅಕ್ಕ, ಭಾವ ಅಲ್ಲೇ ಇದ್ದಾರೆ. ಅವತ್ತು ಇಬ್ಬರಿಗೂ ಡ್ಯೂಟಿ. "ಮಧ್ಯಾಹ್ನ ಯಾವುದಾದರೂ ಫುಡ್ ಕೋರ್ಟಿನಲ್ಲಿ ತಿಂದು ಬನ್ನಿ" ಅಂತ ಅಕ್ಕ ಹೇಳಿಯೇ ಹೋಗಿದ್ದಳು. ನನಗೆ ಅದು ಬೇಡವಾಗಿತ್ತು. ಇಷ್ಟು ದೂರ ಬಂದು ಮಾಲ್‌ನಲ್ಲಿ ತಿನ್ನುವುದಾ ಅಂತ ನನ್ನ ಹಟ. ಟ್ಯಾಂಗ್ಲಿನ್ ಕಡೆಯಿಂದ ಡೋಬಿ ಘಾಟ್ ಕಡೆಗೆ ನಡೆದೆವು. ರಸ್ತೆ ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಸೆಕೆ ನಮ್ಮೂರ ಮೇ ತಿಂಗಳ ಹಾಗೆಯೇ. ರಸ್ತೆ ಬದಿಯಲ್ಲಿ ತಿನ್ನಲು ಕಂಡದ್ದು ಐಸ್‌ಕ್ರೀಮ್ ಗಾಡಿ ಮಾತ್ರ. ಐಸ್‌ಕ್ರೀಮ್ ತುಂಡನ್ನು ಬಣ್ಣದ ಬ್ರೆಡ್ಡಿನಲ್ಲಿ ಮಡಿಸಿ ಕೊಡುತ್ತಾರೆ. ಅದು ಚೆನ್ನಾಗಿರುತ್ತದೆ, ತಪ್ಪದೇ ತಿನ್ನಿ. ಆದರೆ ಅದು ಊಟ ಅಲ್ಲವಲ್ಲ. ಅಮ್ಮನಿಗೆ ಮೊಣಕಾಲು ನೋವು. ಮೂರು ಗಂಟೆ ಹೊತ್ತಿಗೆ ಒಂದು ರೆಸ್ಟೋರೆಂಟಿನ ಮುಂದೆ ಮೆನು ಹಿಡಿದು ನಿಂತವರು ನಗುತ್ತಾ ಕರೆದರು. ಒಳಗೆ ಗಾಜಿನ ತೊಟ್ಟಿಯಲ್ಲಿ ಏಡಿ ಹರಿದಾಡುತ್ತಿತ್ತು. ಅಮ್ಮನ ಮುಖ ಅರಳಿತು. ಕೂತೆವು.

ನಾನು ತಪ್ಪಿದ್ದು ಅಲ್ಲಿ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನೀವು ಹಾಗೆ ಕೂರಬಾರದು.

ಮೆನುವಿನಲ್ಲಿ ಏಡಿಯ ಮುಂದೆ 10 ಅಂತ ಇತ್ತು. ನಾನು ಪ್ಲೇಟಿನ ಬೆಲೆ ಅಂದುಕೊಂಡೆ. ಅದು ನೂರು ಗ್ರಾಮಿನ ಬೆಲೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ನೋಡಲಿಲ್ಲ. ಒಂದು ಕಿಲೋ ಇನ್ನೂರು ಗ್ರಾಮಿನ ಏಡಿ ಅಂದರೆ 120 ಡಾಲರ್. ತೂಕ ಮಾಡುವಾಗ ಎದ್ದು ಹೋಗಿ ನೋಡಲೂ ಇಲ್ಲ. ಮೀನು ಮಾರ್ಕೆಟಿನಲ್ಲಿ ತಕ್ಕಡಿಯಿಂದ ಕಣ್ಣು ತೆಗೆಯದ ಅಮ್ಮನೂ ಕೂತೇ ಇದ್ದರು, ನಾನೇ ಕೂರಿಸಿದ್ದೆ. ಮತ್ತೆ ಬೆಲೆಯ ಹಿಂದೆ ++ ಅಂತ ಎರಡು ಕೂಡಿಸುವ ಗುರುತು. ಒಂದು ಗುರುತು ಶೇಕಡಾ 10 ಸರ್ವಿಸ್ ಚಾರ್ಜ್. ಇನ್ನೊಂದು ಜಿಎಸ್‌ಟಿ, 2024ರಿಂದ ಅದು ಶೇಕಡಾ 9. ಈ ತೆರಿಗೆ ಸರ್ವಿಸ್ ಚಾರ್ಜ್ ಸೇರಿದ ಮೊತ್ತದ ಮೇಲೆ ಬೀಳುತ್ತದೆ. ಅಂದರೆ 100 ಡಾಲರ್ ಮೊದಲು 110 ಆಗುತ್ತದೆ, ಆಮೇಲೆ 119.90. ಕೂತ ಕೂಡಲೇ ಮೇಜಿನ ಮೇಲೆ ಇಟ್ಟ ಕಡಲೆಬೀಜದ ಬಟ್ಟಲು, ಕೈ ಒರೆಸುವ ಒದ್ದೆ ಟವೆಲ್, ಚಹಾ, ಇವೆಲ್ಲಕ್ಕೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲು. ಬೇಡ ಅಂತ ಹೇಳಿ ವಾಪಸ್ ಕಳಿಸಿದರೆ ಅದನ್ನು ಸೇರಿಸುವುದಿಲ್ಲವಂತೆ. ರಾತ್ರಿ ಅಕ್ಕ ಬಿಲ್ಲನ್ನು ಅಡುಗೆಮನೆಯ ದೀಪದ ಕೆಳಗೆ ಹಿಡಿದು ಒಂದೊಂದೇ ಸಾಲು ಓದಿ ಹೇಳಿದಾಗಲೇ ನನಗೆ ಇದೆಲ್ಲ ಗೊತ್ತಾದದ್ದು. ಮರುದಿನ ಅಮ್ಮನಿಗೆ ನೈಟ್ ಸಫಾರಿ ತೋರಿಸಬೇಕು ಅಂತ ಬೇರೆ ತೆಗೆದಿಟ್ಟ ಹಣ ಆ ಏಡಿಗೆ ಹೋಗಿತ್ತು. ಭಾವ ನಾನು ಕೊಡುತ್ತೇನೆ ಅಂದರು, ಅಮ್ಮ ಒಪ್ಪಲಿಲ್ಲ. ಏಡಿ ರುಚಿಯಾಗಿಯೇ ಇತ್ತು. ಆದರೂ ಅಮ್ಮ ನೈಟ್ ಸಫಾರಿ ನೋಡದೆ ಊರಿಗೆ ಬಂದರು ಅನ್ನುವುದು ನನಗೆ ಈಗಲೂ ಬೇಸರ.

ಅದಕ್ಕೇ ಹೇಳುತ್ತೇನೆ, ಬೀದಿ ಬದಿ ಅಂದರೆ ಅಸಲಿ, ಮಾಲ್ ಅಂದರೆ ನಕಲಿ ಅನ್ನುವ ಲೆಕ್ಕ ಸಿಂಗಾಪುರದಲ್ಲಿ ನಡೆಯುವುದಿಲ್ಲ. ಅಲ್ಲಿನ ಬೀದಿ ಊಟ ಎಲ್ಲ ಎಂದೋ ಸೂರಿನ ಕೆಳಗೆ ಬಂದಿದೆ. ಇದೇ ಆರ್ಚರ್ಡ್ ರೋಡಿನಲ್ಲಿ ಹಿಂದೆ ಹಗಲು ಕಾರ್ ಪಾರ್ಕ್ ಆಗಿದ್ದ ಜಾಗದಲ್ಲಿ ಸಂಜೆ ಆದರೆ ಗಾಡಿಯವರು ಸಾಲಾಗಿ ಒಲೆ ಹಚ್ಚುತ್ತಿದ್ದರು. ಗ್ಲಟನ್ಸ್ ಸ್ಕ್ವೇರ್ ಅಂತ ಕರೆಯುತ್ತಿದ್ದರು. 1978ರಲ್ಲಿ ಅದನ್ನು ಮುಚ್ಚಿದರು. ಈಗ ಅಲ್ಲಿ ಆರ್ಚರ್ಡ್ ಸೆಂಟ್ರಲ್ ಅನ್ನುವ ಮಾಲ್ ಇದೆ. ಅಲ್ಲಿದ್ದ ಎಷ್ಟೋ ಜನ ಹತ್ತಿರದ ನ್ಯೂಟನ್ ಅನ್ನುವ ಜಾಗಕ್ಕೆ ಹೋದರು. 70, 80ರ ದಶಕದಲ್ಲಿ ಇಡೀ ಊರಿನ ಗಾಡಿಯವರನ್ನು ನಲ್ಲಿ ನೀರು, ಚರಂಡಿ ಇರುವ ಹಾಕರ್ ಸೆಂಟರ್‌ಗಳಿಗೆ, ಅಂದರೆ ಒಂದೇ ಸೂರಿನ ಕೆಳಗೆ ಸಾಲಾಗಿ ಊಟದ ಅಂಗಡಿಗಳಿರುವ ಜಾಗಗಳಿಗೆ, ಸರ್ಕಾರವೇ ಸೇರಿಸಿತು. 2020ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದ್ದು ಈ ಹಾಕರ್ ಸೆಂಟರ್ ಸಂಸ್ಕೃತಿಯೇ. ಹಾಗಿರುವಾಗ ಫುಟ್‌ಪಾತಿನಲ್ಲಿ ಹುಡುಕಿದರೆ ಏನು ಸಿಗುತ್ತದೆ ಹೇಳಿ!

ಕಾಸರಗೋಡು ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಒಳ್ಳೆಯ ಮೀನೂಟ ಎಲ್ಲಿ ಅಂತ ಯಾರಾದರೂ ಕೇಳಿದರೆ ನೀವು ಬೋರ್ಡು ನೋಡಿ ಹೇಳುತ್ತೀರಾ? ಬಸ್ಸಿನವರು, ಜವುಳಿ ಅಂಗಡಿಯ ಹುಡುಗರು ಎಲ್ಲಿ ನುಗ್ಗುತ್ತಾರೆ ಅಂತ ನೋಡಿ ಹೇಳುತ್ತೀರಿ. ಅಲ್ಲೂ ಅದೇ ಮಾಡಿ. ಸೇಲ್ಸ್ ಹುಡುಗಿಯರು ಕುತ್ತಿಗೆಗೆ ಐಡಿ ಕಾರ್ಡ್ ನೇತು ಹಾಕಿಕೊಂಡು ಊಟಕ್ಕೆ ಹೋಗುವ ಲಿಫ್ಟಿನಲ್ಲೇ ನೀವೂ ಹತ್ತಿ. ಹೊಸ ಮಾಲ್‌ಗಳಲ್ಲಿ ಊಟ ನೆಲದ ಕೆಳಗೆ ಇರುತ್ತದೆ. ಹಳೇ ಮಾಲ್‌ಗಳಲ್ಲಿ ಮೇಲಿನ ಮಹಡಿಯಲ್ಲೂ ಸಿಗುತ್ತದೆ. ಸ್ಕಾಟ್ಸ್ ರೋಡಿನ ಫಾರ್ ಈಸ್ಟ್ ಪ್ಲಾಜಾ ಹಳೇ ಕಟ್ಟಡ, ಹೊಳಪು ಏನೂ ಇಲ್ಲ. ಅಕ್ಕ ಆಮೇಲೆ ನಮ್ಮನ್ನು ಕರೆದುಕೊಂಡು ಹೋದದ್ದು ಅಲ್ಲಿಗೇ, ಮೇಲಿನ ಮಹಡಿಯ ಚಿಕನ್ ರೈಸ್‌ಗೆ. ಕೋಳಿ ಬೇಯಿಸಿದ ನೀರಿನಲ್ಲೇ ಶುಂಠಿ, ಬೆಳ್ಳುಳ್ಳಿ ಹಾಕಿ ಅನ್ನ ಮಾಡುತ್ತಾರೆ. ಅಮ್ಮ ಕೋಳಿಗಿಂತ ಆ ಅನ್ನವನ್ನೇ ಹೊಗಳಿದರು. ಲಕ್ಕಿ ಪ್ಲಾಜಾಕ್ಕೂ ಹೋಗಬಹುದು, ಆದರೆ ಭಾನುವಾರ ಬೇಡ. ಅದು ಫಿಲಿಪೀನ್ಸಿನ ಮನೆಗೆಲಸದವರು ರಜೆಯಲ್ಲಿ ಸೇರುವ ದಿನ, ಅತ್ತೆ ಮಾವನಿಗೆ ಕೂರಲು ಜಾಗ ಸಿಗುವುದು ಕಷ್ಟ.

ಬೆಳಿಗ್ಗೆ ಸಾಮರ್‌ಸೆಟ್ ಸ್ಟೇಷನ್ ಹತ್ತಿರ ಕಿಲಿನಿ ರೋಡಿನ ಹಳೇ ಕಾಫಿ ಅಂಗಡಿಗೆ ಹೋಗಿ. 1919ರಿಂದ ಇದೆ. ಸುಟ್ಟ ಬ್ರೆಡ್ಡಿಗೆ ಬೆಣ್ಣೆ, ಕಾಯಾ ಅನ್ನುವ ಸಿಹಿ ಜಾಮ್ ಹಚ್ಚಿ ಕೊಡುತ್ತಾರೆ. ಸುಮ್ನೆ ಕೋಪಿ ಅಂದರೆ ಸಿಹಿ ಹಾಲು ಹಾಕಿದ್ದು ಬರುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ ಅಂದಿದ್ದೀರಿ, ಅವರಿಗೆ "ಕೋಪಿ ಒ ಕೋಸೋಂಗ್" ಅಂತ ಕೇಳಿ. ಹಾಲು, ಸಕ್ಕರೆ ಎರಡೂ ಇಲ್ಲದ ಕಾಫಿ ಕೊಡುತ್ತಾರೆ. ಸಂಜೆಗೆ ನ್ಯೂಟನ್ ಹಾಕರ್ ಸೆಂಟರ್. ಆರ್ಚರ್ಡ್‌ನಿಂದ ರೈಲಿನಲ್ಲಿ ಮುಂದಿನ ಸ್ಟೇಷನ್ನೇ. ಅಲ್ಲಿಯೂ ಕೆಲವರು ಕೈ ಮಾಡಿ ಕರೆಯುತ್ತಾರೆ. ಮೀನು, ಸಿಗಡಿ, ಏಡಿ ತೆಗೆದುಕೊಳ್ಳುವುದಾದರೆ ಒಟ್ಟು ಎಷ್ಟಾಗುತ್ತದೆ ಅಂತ ಒಲೆಗೆ ಹಾಕುವ ಮೊದಲೇ ಕೇಳಿ. ನಾಚಿಕೆ ಪಡಬೇಡಿ. ಉಳಿದ ಅಂಗಡಿಗಳಲ್ಲಿ ಬೋರ್ಡಿನಲ್ಲಿ ಬರೆದದ್ದೇ ಕೊನೆಯ ಬೆಲೆ.

ಊಟದ ಹೊತ್ತು ಮೀರಬೇಡಿ, ಎಷ್ಟೋ ಹಾಕರ್ ಅಂಗಡಿಗಳು ಮಧ್ಯಾಹ್ನ ಕಳೆಯುವ ಹೊತ್ತಿಗೇ ಮುಚ್ಚುತ್ತವೆ. ಹನ್ನೊಂದೂವರೆ ಗಂಟೆಗೆ ಊಟ, ಅಂಗಡಿ ಸುತ್ತುವುದು ಆಮೇಲೆ. ಚಿಲ್ಲರೆ ನೋಟು ಇರಲಿ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ, ಕೂರಬೇಡಿ. ತಿಂದ ಟ್ರೇ ನೀವೇ ವಾಪಸ್ ಇಡಬೇಕು, 2021ರಿಂದ ಅದು ಕಡ್ಡಾಯ.

ಮಾವನವರ ವಿಷಯ. ಮೀನು, ಮಾಂಸ, ಮೊಟ್ಟೆ ಯಾವುದೂ ಮುಟ್ಟುವುದಿಲ್ಲ ಅಂದಿದ್ದೀರಿ. ಹಾಗಾದರೆ ಕಾಯಾ ಅವರಿಗೆ ಆಗದು, ಅದನ್ನು ತೆಂಗಿನ ಹಾಲು, ಸಕ್ಕರೆಯ ಜೊತೆ ಮೊಟ್ಟೆ ಹಾಕಿಯೇ ಮಾಡುವುದು. ಲಕ್ಸಾ ಅನ್ನುವ ನೂಡಲ್ಸ್ ನೋಡಲು ಬರೀ ತೆಂಗಿನ ಹಾಲಿನ ಸಾರು, ಒಳಗೆ ಒಣ ಸಿಗಡಿ ಅರೆದು ಹಾಕಿರುತ್ತಾರೆ. ಸಾಂಬಾಲ್ ಅನ್ನುವ ಮೆಣಸಿನ ಚಟ್ನಿಯಲ್ಲೂ ಸಾಮಾನ್ಯವಾಗಿ ಸಿಗಡಿ ಇರುತ್ತದೆ. ಮೊದಲ ದಿನವೇ ದೋಸೆ ಹುಡುಕಿಕೊಂಡು ಲಿಟಲ್ ಇಂಡಿಯಾಕ್ಕೆ ಓಡಬೇಡಿ, ದೋಸೆ ಮನೆಯಲ್ಲೇ ಇದೆ. ಮಿಡ್ಲ್ ರೋಡಿನಲ್ಲಿ ಫಾರ್ಚೂನ್ ಸೆಂಟರ್ ಅಂತ ಒಂದು ಹಳೇ ಕಟ್ಟಡ ಇದೆ, ಅಲ್ಲಿ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಸುಮಾರು ಇವೆ. ಅವರ ಪದ್ಧತಿಯ ಅಡುಗೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮೊಟ್ಟೆ ಮಾತ್ರ ಕೆಲವರು ಬಳಸುತ್ತಾರೆ, ಅದನ್ನು ಕೇಳಿಯೇ ತೆಗೆದುಕೊಳ್ಳಿ. ಅಂಗಡಿಯವರನ್ನು "ಅಂಕಲ್", "ಆಂಟಿ" ಅಂತ ಕರೆದರೆ ಸಾಕು, ಅಲ್ಲಿ ಎಲ್ಲರೂ ಹಾಗೇ ಕರೆಯುವುದು.